ಒಂದು ಹಗಲಿನ ದಾರಿ: ಸೊಲ್ಲಾಪುರದಿಂದ ಧಾರವಾಡಕ್ಕೆ

ದೀಪಾವಳಿಯ ರಜೆ ಮುಗಿದು ತರಗತಿಗಳು ಮತ್ತೆ ಆರಂಭವಾದೊಡನೆ ನಮ್ಮ ವಿಭಾಗದಲ್ಲಿ ಧಾರವಾಡದ ಮಾತು ಏಳುತ್ತದೆ. ಅದು ಸಹಜವೇ ಆಗಿದೆ. ಮರಾಠಿ ಮನೆಮಾತಿನ ಬೇಂದ್ರೆಯವರು 1944ರಿಂದ 1956ರವರೆಗೆ ಇದೇ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರು ಮರಳಿ ಹೋದ ಸಾಧನಕೇರಿಯನ್ನು, 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು, ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಇಲ್ಲಿ ಕನ್ನಡ ಓದುವ ಮಕ್ಕಳಿಗೆ ಇರದಿದ್ದರೆ ಮತ್ತಾರಿಗೆ ಇರಬೇಕು?

ಈ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳು ಬರಿಯ ಮಾತಿನಲ್ಲಿ ನಿಲ್ಲದೆ ಒಂದು ಕಾಗದದಲ್ಲಿ ಯೋಜನೆ ಬರೆದು ತಂದರು. ಬೆಳಗಿನ ನಾಲ್ಕಕ್ಕೆ ಹೊರಡುವುದು, ಹತ್ತಕ್ಕೆ ಧಾರವಾಡ, ಸಂಜೆ ಆರರವರೆಗೆ ಎಲ್ಲವನ್ನೂ ನೋಡುವುದು, ರಾತ್ರಿ ಹನ್ನೆರಡಕ್ಕೆ ಮನೆ. ವಸತಿಯ ಖರ್ಚಿಲ್ಲ, ಒಂದೇ ದಿನದ ಬಾಡಿಗೆ. ಕಾಗದವನ್ನು ಓದಿ ನಾನು ಆಗದು ಎಂದೆ. ಅವರ ಮುಖಗಳು ಬಾಡಿದವು. ಕಾರಣ ಹೇಳದೆ ಆಗದು ಎನ್ನುವುದು ಶಿಕ್ಷಕನಿಗೆ ಒಪ್ಪುವ ನಡೆಯಲ್ಲವಾದ್ದರಿಂದ ಈ ಲೇಖನ. ಸ್ವಂತ ವಾಹನದಲ್ಲಿ ಈ ದಾರಿ ಹಿಡಿಯುವ ಇತರ ಓದುಗರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ದೂರದ ಲೆಕ್ಕವನ್ನು ನೋಡೋಣ. ಸೊಲ್ಲಾಪುರದಿಂದ ವಿಜಯಪುರಕ್ಕೆ ಸುಮಾರು 100 ಕಿ.ಮೀ.; ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 200; ಹುಬ್ಬಳ್ಳಿಯಿಂದ ಧಾರವಾಡಕ್ಕೆ 20. ಒಟ್ಟು 320 ಎಂದಿಟ್ಟುಕೊಳ್ಳಬಹುದು. ಹುಬ್ಬಳ್ಳಿಯವರೆಗಿನದು ಒಂದೇ ಹೆದ್ದಾರಿ. ಪಂಜಾಬಿನ ಸಂಗ್ರೂರಿನಿಂದ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಇದೇ. ನಮ್ಮ ತಲೆಮಾರಿನವರ ಬಾಯಲ್ಲಿ ವಿಜಯಪುರದವರೆಗೆ ಇದು ಇನ್ನೂ ಹದಿಮೂರು ನಂಬರಿನ ರಸ್ತೆಯೇ. ಅಲ್ಲಿಂದ ಮುಂದೆ ಇನ್ನೂರಾ ಹದಿನೆಂಟು. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದ ಮೇಲೆ ಎರಡೂ ಒಂದೇ ಹೆಸರಿಗೆ ಬಂದವು.

ಸಂಖ್ಯೆ ಒಂದಾದರೂ ರಸ್ತೆ ಒಂದಾಗಿಲ್ಲ. ಇದನ್ನು ಮರೆತುದೇ ವಿದ್ಯಾರ್ಥಿಗಳ ಯೋಜನೆಯ ಮೊದಲ ದೋಷ. ಸೊಲ್ಲಾಪುರ–ವಿಜಯಪುರದ ನಡುವೆ ಈಗ ನಾಲ್ಕು ಪಥ, ನಡುವೆ ವಿಭಜಕ. 2021ರ ಫೆಬ್ರುವರಿಯಲ್ಲಿ ಈ ಕಾಮಗಾರಿ ನಡೆದಾಗ 18 ಗಂಟೆಗಳಲ್ಲಿ ಒಂದು ಪಥದ 25.54 ಕಿ.ಮೀ. ಡಾಂಬರು ಹಾಸಿ ದಾಖಲೆ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ವಿಜಯಪುರ ದಾಟಿದ ಮೇಲೆ ಬಹುಪಾಲು ಎದುರುಬದುರು ವಾಹನಗಳು ಒಂದೇ ಹಾಸಿನ ಮೇಲೆ ಓಡುವ ರಸ್ತೆ. ಅರ್ಥಾತ್, ನಮ್ಮ ಪಯಣದ ಮೂರನೆಯ ಒಂದು ಪಾಲು ಮಾತ್ರ ಹೊಸ ಕಾಲದ ರಸ್ತೆಯಲ್ಲಿ. ಉಳಿದುದು ಹಳೆಯ ಕಾಲದ ರಸ್ತೆಯಲ್ಲಿ. ಮೊದಲ ನೂರು ಕಿ.ಮೀ. ಸರಾಗವಾಗಿ ಮುಗಿದಾಗ ಚಾಲಕನಿಗೆ ಬರುವ ಹುಮ್ಮಸ್ಸು ಮುಂದಿನ ಇನ್ನೂರಕ್ಕೆ ಅಪಾಯಕಾರಿ.

ಕಾನೂನು ಕೂಡ ಈ ಭೇದವನ್ನು ಗುರುತಿಸಿದೆ. ಕೇಂದ್ರ ಸರಕಾರ 2018ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇಗವು ಕಾರಿಗೆ ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ., ಸಾಮಾನ್ಯ ರಸ್ತೆಯಲ್ಲಿ 70. ಚಾಲಕನಲ್ಲದೆ ಒಂಬತ್ತು ಅಥವಾ ಹೆಚ್ಚು ಜನ ಕೂಡುವ ವಾಹನಕ್ಕೆ, ಎಂದರೆ ನಮ್ಮ ವಿದ್ಯಾರ್ಥಿಗಳು ಗೊತ್ತುಮಾಡುವಂಥ ಗಾಡಿಗೆ, ಅದು 90 ಮತ್ತು 60. ಇವು ಏರಬಹುದಾದ ಮೇಲ್ಮಿತಿಗಳೇ ಹೊರತು ಓಡಲೇಬೇಕಾದ ವೇಗಗಳಲ್ಲ. 60ರ ಮಿತಿಯಲ್ಲಿ ಎಲ್ಲಿಯೂ ನಿಲ್ಲದೆ, ಒಂದು ಹಂಪಿಗೂ ನಿಧಾನಿಸದೆ ಓಡಿದರೂ 200 ಕಿ.ಮೀ.ಗೆ 3 ಗಂಟೆ 20 ನಿಮಿಷ ಬೇಕು. ಊರುಗಳು, ಹಂಪುಗಳು, ಎಮ್ಮೆಗಳು, ಸಂತೆಗಳು ಎಲ್ಲವೂ ಇರುವ ನಿಜವಾದ ದಾರಿಯಲ್ಲಿ ನಾಲ್ಕೂವರೆ ಗಂಟೆ ಎಂದು ಎಣಿಸುವುದು ಪ್ರಾಮಾಣಿಕ. ಅದಕ್ಕೆ ವಿಜಯಪುರದವರೆಗಿನ ಒಂದೂಮುಕ್ಕಾಲು ಗಂಟೆ, ಹುಬ್ಬಳ್ಳಿ–ಧಾರವಾಡದ ಮುಕ್ಕಾಲು ಗಂಟೆ ಸೇರಿಸಿದರೆ ಏಳು ಗಂಟೆ. ನಾಷ್ಟಾ, ಊಟ, ಚಹಾ, ಇತರ ಅಗತ್ಯಗಳಿಗೆ ಒಂದೂವರೆ ಗಂಟೆ. ಒಟ್ಟು ಎಂಟೂವರೆ. ವಿದ್ಯಾರ್ಥಿಗಳು ಮೊಬೈಲ್ ನಕ್ಷೆಯಲ್ಲಿ ಆರು ಗಂಟೆ ನೋಡಿದ್ದರು. ನಕ್ಷೆ ಸುಳ್ಳು ಹೇಳಿಲ್ಲ. ಅದಕ್ಕೆ ಹಸಿವೆಯಾಗುವುದಿಲ್ಲ, ಅಷ್ಟೆ.

ಈಗ ಅವರ ಕಾಗದವನ್ನು ಈ ಲೆಕ್ಕದಲ್ಲಿ ಮತ್ತೆ ಓದಿದರೆ ಚಿತ್ರವೇ ಬದಲಾಗುತ್ತದೆ. ನಾಲ್ಕಕ್ಕೆ ಹೊರಟ ಗಾಡಿ ಧಾರವಾಡ ಮುಟ್ಟುವುದು ಹನ್ನೆರಡೂವರೆಗೆ. ಆರಕ್ಕೆ ಹೊರಟರೆ ಮರಳಿ ಮುಟ್ಟುವುದು ನಡುರಾತ್ರಿಯ ಎರಡೂವರೆಗೆ. ನಾಲ್ಕಕ್ಕೆ ಗಾಡಿ ತರಬೇಕಾದ ಚಾಲಕ ಮೂರಕ್ಕೆ ಎದ್ದಿರುತ್ತಾನೆ. ಅವನು ಹದಿನಾಲ್ಕು ಗಂಟೆ ಚಕ್ರದ ಹಿಂದೆ ಕುಳಿತು, ಇಪ್ಪತ್ತಮೂರು ಗಂಟೆಗಳಿಗಿಂತ ಹೆಚ್ಚು ಎಚ್ಚರವಿದ್ದು, ಹನ್ನೆರಡು ಮಕ್ಕಳನ್ನು ಮನೆ ಮುಟ್ಟಿಸಬೇಕು. 1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಗೆ ಮಿತಿಗೊಳಿಸಿ, ಸತತ ಐದು ಗಂಟೆಗಳ ಬಳಿಕ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕೆಂದು ಹೇಳಿತು. ಎಂಟು ಗಂಟೆಯ ದುಡಿಮೆ ಎಂದರೆ ನಮ್ಮ ಪಯಣದಲ್ಲಿ ಒಂದು ದಿಕ್ಕಿಗೆ ಮಾತ್ರ ಸಾಕಾಗುವಷ್ಟು. ಒಂದು ಹಗಲಿಗೆ ಸೊಲ್ಲಾಪುರದಿಂದ ಧಾರವಾಡ, ಅಷ್ಟೆ.

ನಿದ್ರೆಗೆಟ್ಟ ಮನುಷ್ಯನ ವಿಷಯದಲ್ಲಿ ಸಂಶೋಧನೆಗಳು ಹೇಳುವುದು ಸ್ಪಷ್ಟವಾಗಿದೆ. ಸತತ ಹದಿನೇಳು ಗಂಟೆ ಎಚ್ಚರವಿದ್ದವನ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ. 0.03. ಮೂರಕ್ಕೆ ಎದ್ದ ಚಾಲಕನಿಗೆ ಹದಿನೇಳನೆಯ ಗಂಟೆ ಮುಗಿಯುವುದು ರಾತ್ರಿ ಎಂಟಕ್ಕೆ. ಆಗ ಗಾಡಿ ನರಗುಂದದ ಆಸುಪಾಸಿನಲ್ಲಿರುತ್ತದೆ, ಮನೆ ಇನ್ನೂ ಆರೂವರೆ ಗಂಟೆ ದೂರ. ಕುಡಿದವನ ಗಾಡಿಗೆ ಮಗಳನ್ನು ಹತ್ತಿಸುವ ತಂದೆ ನಮ್ಮಲ್ಲಿ ಯಾರೂ ಇಲ್ಲ. ನಿದ್ರೆಗೆಟ್ಟವನ ಗಾಡಿಗೆ ಹತ್ತಿಸುವವರು ಬಹಳ ಜನ ಇದ್ದಾರೆ.

ಆದರೆ ನಾನು ಆಗದು ಎಂದದ್ದಕ್ಕೆ ನಿದ್ರೆಗಿಂತಲೂ ದೊಡ್ಡ ಕಾರಣ ಕಬ್ಬು.

ದೀಪಾವಳಿಯ ಹೊತ್ತಿಗೆ ಆರಂಭವಾಗುವ ಕಬ್ಬು ನುರಿಸುವ ಹಂಗಾಮು ಮಾರ್ಚ್‌ವರೆಗೂ ನಡೆಯುತ್ತದೆ. ಪ್ರವಾಸಗಳ ಹಂಗಾಮೂ ಅದೇ. ಸಕ್ಕರೆ ಕಾರ್ಖಾನೆಗಳು ಕಿಕ್ಕಿರಿದ ನಮ್ಮ ಜಿಲ್ಲೆಯಲ್ಲಿ ಆರಂಭವಾಗುವ ಈ ಪಯಣ ಭೀಮೆಯನ್ನು ದಾಟಿ, ಕೃಷ್ಣೆ ಮತ್ತು ಘಟಪ್ರಭೆಗಳ ನಡುವಿನ ಬೀಳಗಿ–ಬಾಗಲಕೋಟೆಯ ಕಬ್ಬಿನ ನಾಡಿನಲ್ಲಿ ಹಾಯುತ್ತದೆ. ಅಲ್ಲಿ ಸಂಜೆಯ ಮೇಲೆ ರಸ್ತೆ ಟ್ರ್ಯಾಕ್ಟರುಗಳದು. ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಗಾಡಿಯ ಅಗಲವನ್ನೂ ಮೀರಿ ಹೊರಚಾಚಿದ ಕಬ್ಬು. ಗಂಟೆಗೆ ಇಪ್ಪತ್ತು ಕಿ.ಮೀ.ಗಿಂತ ಹೆಚ್ಚಿಲ್ಲದ ವೇಗ. ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಇರಬೇಕೆಂಬ ನಿಯಮವಿದೆ. ಎಷ್ಟೋ ಟ್ರೇಲರುಗಳಿಗೆ ಅದಿರುವುದಿಲ್ಲ. ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ, ಇಲ್ಲವೇ ಧೂಳು ಮುಚ್ಚಿರುತ್ತದೆ. ಇದಕ್ಕೆ ಟ್ರ್ಯಾಕ್ಟರು ಓಡಿಸುವ ಬಡವನನ್ನು ಮಾತ್ರ ಬೈಯುವುದು ನ್ಯಾಯವಲ್ಲ. ಅವನಿಗೆ ಖೇಪಿನ ಲೆಕ್ಕದಲ್ಲಿ ಹಣ. ಕಾರ್ಖಾನೆಯ ಅಂಗಳದಲ್ಲಿ ಸರದಿ ತಪ್ಪಿದರೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಆದುದರಿಂದ ಅವನು ರಾತ್ರಿಯೂ ಹೊರಡುತ್ತಾನೆ.

ಇಲ್ಲಿ ಸ್ವಲ್ಪ ಗಣಿತ ಅವಶ್ಯ. ಭಾಷಾ ವಿಭಾಗದ ಓದುಗರು ಬೇಸರಿಸಬಾರದು. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರು. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ಅದು ಏನೆಂದು ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಎಚ್ಚರವಿರುವ ಮನುಷ್ಯನಿಗೂ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 33 ಮೀಟರು ಸಾಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟಾಯರುಗಳಿದ್ದಾಗ, ಬ್ರೇಕು ಹಿಡಿದ ಮೇಲೆ ನಿಲ್ಲಲು ಮತ್ತೆ ಸುಮಾರು 35 ಮೀಟರು. ಒಟ್ಟು 68. ಎದುರಿನಿಂದ ವಾಹನ ಬರುತ್ತಿರುವಾಗ ದೀಪವನ್ನು ತಗ್ಗಿಸಿಕೊಂಡರೆ, ಪ್ರತಿಫಲಕವಿಲ್ಲದ ಕಂದು ಬಣ್ಣದ ಕಬ್ಬಿನ ಹೊರೆ ಕಣ್ಣಿಗೆ ಬೀಳುವುದು ಹೆಚ್ಚೆಂದರೆ 40–50 ಮೀಟರಿನಲ್ಲಿ. ಹೀಗೆ ಕಾಣುವ ದೂರಕ್ಕಿಂತ ನಿಲ್ಲುವ ದೂರ ಹೆಚ್ಚಾಗಿರುವುದರಿಂದ, 80ರಲ್ಲಿ ಓಡುವ ಗಾಡಿ ಕೆಟ್ಟು ನಿಂತ ಟ್ರೇಲರನ್ನು ಕಂಡ ಮೇಲೂ ಹೋಗಿ ಹೊಡೆಯುತ್ತದೆ. ಅದೇ ಗಾಡಿ 60ರಲ್ಲಿದ್ದರೆ ಒಂದೂವರೆ ಸೆಕೆಂಡಿಗೆ 25 ಮೀಟರು, ನಿಲ್ಲಲು 20, ಒಟ್ಟು 45. ಕಷ್ಟಪಟ್ಟು ಉಳಿಯಬಹುದು. ಚಾಲಕನಿಗೆ ಮೂರು ಸೆಕೆಂಡು ಕಣ್ಣು ಹತ್ತಿದರೆ ಎರಡೂ ಲೆಕ್ಕಗಳು ವ್ಯರ್ಥ.

ಈ ಗಣಿತವನ್ನು ನಾನು ಪುಸ್ತಕದಿಂದ ಮೊದಲು ಕಲಿಯಲಿಲ್ಲ. ಹತ್ತಾರು ವರ್ಷಗಳ ಹಿಂದೆ ಇಂಥದೇ ಒಂದು ಯೋಜನೆಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ. ಆಗಲೂ ಕಾರಣ ಇದೇ ಆಗಿತ್ತು: ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಪರಊರಿನಲ್ಲಿ ರಾತ್ರಿ ತಂಗಲು ಮನೆಯಲ್ಲಿ ಅನುಮತಿ ಇಲ್ಲ. ರಾತ್ರಿ ತಂಗುವುದಾದರೆ ಗಂಡುಹುಡುಗರು ಮಾತ್ರ ಬರುತ್ತಾರೆ. ಒಂದೇ ದಿನದಲ್ಲಿ ಮರಳುವುದಾದರೆ ಎಲ್ಲರೂ ಬರುತ್ತಾರೆ. ಎಲ್ಲರೂ ಬರಲಿ ಎಂದು ನಾನು ಬಯಸಿದೆ. ಮರಳುವಾಗ ಕೆರೂರು ದಾಟಿ ಗದ್ದನಕೇರಿ ಕ್ರಾಸಿನ ಕಡೆಗೆ ಬರುತ್ತಿದ್ದೆವು. ಗಂಟೆ ಹತ್ತಾಗಿತ್ತು. ಹಿಂದೆ ಹಾಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ನಿದ್ರೆಹೋಗಿದ್ದರು. ರಸ್ತೆಯಲ್ಲಿ ಅಚ್ಚು ಮುರಿದ ಟ್ರೇಲರೊಂದು ನಿಂತಿತ್ತು. ಸುತ್ತ ನಾಲ್ಕು ಕಲ್ಲುಗಳನ್ನು ಇಟ್ಟಿದ್ದರು, ದೀಪ ಇರಲಿಲ್ಲ. ಚಾಲಕ ಬಲಕ್ಕೆ ತಿರುಗಿಸಿದ, ಎದುರಿಗೆ ಬೆಳಕು ಕಂಡು ಮತ್ತೆ ಎಡಕ್ಕೆಳೆದ. ಗಾಡಿ ರಸ್ತೆ ಬಿಟ್ಟು ಜೋಳದ ಹೊಲಕ್ಕಿಳಿದು ವಾಲಿಕೊಂಡು ನಿಂತಿತು. ಎರೆಹೊಲದ ಮೆತ್ತನೆಯ ಮಣ್ಣು ನಮ್ಮನ್ನು ಉಳಿಸಿತು. ಒಬ್ಬ ವಿದ್ಯಾರ್ಥಿನಿಯ ಹೆಗಲ ಎಲುಬು ಮುರಿದಿತ್ತು.

ಬೆಳಗಿನ ಬಸ್ಸಿಗೆ ಆಕೆಯ ತಂದೆ ಬಂದರು. ಬೈಯುವರೆಂದು ನಾನು ತಲೆತಗ್ಗಿಸಿ ನಿಂತಿದ್ದೆ. ಅವರು ಮಗಳ ಮಗ್ಗುಲಲ್ಲಿ ಬಹಳ ಹೊತ್ತು ಕುಳಿತು, ಹೊರಗೆ ಬಂದು, “ಸರ, ಒಂದ್ ರಾತ್ರಿ ಅಲ್ಲೇ ಇಟ್ಕೊಂಡಿದ್ರ ಆಗ್ತಿತ್ತಲ್ರೀ. ಬ್ಯಾಡ ಅಂದಾಂವ ನಾನ ಆದ್ನಿ” ಎಂದರು. ಬೇಡ ಎಂದವರು ಅವರು ನಿಜ. ಹೌದೆಂದು ಒಪ್ಪಿ ಗಾಡಿ ಹೊರಡಿಸಿದವನು ನಾನು. ಆ ಹುಡುಗಿ ಪರೀಕ್ಷೆಯನ್ನು ಬರಹಗಾರಳ ನೆರವಿನಿಂದ ಬರೆದಳು. ಈಗ ತಾನೇ ಶಾಲಾ ಶಿಕ್ಷಕಿಯಾಗಿದ್ದಾಳೆ.

ಆದುದರಿಂದ ಈ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯದೆ ಹಗಲಿನಲ್ಲಿ ಅಳೆಯಬೇಕೆಂಬುದು ನನ್ನ ವಾದ. ನಮ್ಮ ಅಜ್ಜಂದಿರು ಊರಿನ ದೂರವನ್ನು ‘ಒಂದು ಹಗಲಿನ ದಾರಿ’, ‘ಎರಡು ಮುಕ್ಕಾಮಿನ ದಾರಿ’ ಎಂದೇ ಹೇಳುತ್ತಿದ್ದರು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ತುಸು ಮುಂಚೆ, ಮುಳುಗುವುದು ಆರರ ಹೊತ್ತಿಗೆ. ಕೈಯಲ್ಲಿರುವುದು ಹನ್ನೊಂದು ಗಂಟೆ. ಪಯಣಕ್ಕೆ ಬೇಕಾದುದು ಎಂಟೂವರೆ. ಆರೂವರೆಗೆ ಹೊರಟರೆ ಮೂರಕ್ಕೆ ಧಾರವಾಡ; ಟಾಯರು ಪಂಕ್ಚರಾದರೂ, ಯಾರಿಗಾದರೂ ವಾಂತಿಯಾದರೂ, ರಸ್ತೆ ಕೆಲಸಕ್ಕಾಗಿ ಅರ್ಧ ಗಂಟೆ ನಿಲ್ಲಿಸಿದರೂ ಕತ್ತಲಾಗುವ ಮುಂಚೆ ಮುಟ್ಟುತ್ತೇವೆ. ಈ ಮೂರು ಗಂಟೆಗಳ ಉಳಿಕೆಯನ್ನು ‘ವ್ಯರ್ಥ ಸಮಯ’ ಎಂದು ತಿಳಿದು ಬೇರೆ ಕಾರ್ಯಕ್ರಮ ತುಂಬಬಾರದು. ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಫಲಕ ಕಂಡೊಡನೆ “ಸರ್, ಇಷ್ಟು ಹತ್ತಿರ ಬಂದಿದ್ದೇವಲ್ಲ” ಎಂಬ ಧ್ವನಿ ಪ್ರತಿವರ್ಷ ಹಿಂದಿನ ಆಸನದಿಂದ ಏಳುತ್ತದೆ. ಬಾದಾಮಿ ಸಾವಿರದ ನಾಲ್ಕುನೂರು ವರ್ಷಗಳಿಂದ ಅಲ್ಲಿದೆ. ಇನ್ನೊಂದು ಪ್ರವಾಸಕ್ಕೆ ಕಾದೀತು.

ದಾರಿಯ ಸ್ವರೂಪವನ್ನು ಚಾಲಕನ ಪಕ್ಕದಲ್ಲಿ ಕೂಡುವವರಾದರೂ ಮೊದಲೇ ತಿಳಿದಿರಬೇಕು. ಸೊಲ್ಲಾಪುರ ಬಿಟ್ಟ ಸ್ವಲ್ಪ ಹೊತ್ತಿಗೆ ವಡಕಬಾಳದ ಬಳಿ ಸೀನಾ ನದಿ, ಮುಂದೆ ಟಾಕಳಿಯ ಬಳಿ ಭೀಮೆ. ಭೀಮೆಯ ಸೇತುವೆಯ ಆಚೆ ಧೂಳಖೇಡ. ಫಲಕಗಳ ಲಿಪಿ ಅಲ್ಲಿ ಬದಲಾಗುತ್ತದೆ. ಮರಾಠಿ ಮತ್ತು ಕನ್ನಡ ಎರಡನ್ನೂ ಒಂದೇ ಶಾಲೆಯಲ್ಲಿ ಕಲಿತ ನನ್ನಂಥವನಿಗೆ ಲಿಪಿಗಿಂತ ಹೆಚ್ಚು ಸ್ವಾರಸ್ಯ ಇನ್ನೊಂದರಲ್ಲಿದೆ: ಮುಖ್ಯರಸ್ತೆಯಿಂದ ದಾರಿ ಒಡೆಯುವ ಸ್ಥಳ ಸೇತುವೆಯ ಈಚೆಗೆ ‘ಫಾಟಾ’, ಆಚೆಗೆ ‘ಕ್ರಾಸ್’. ದಾರಿ ಕೇಳುವಾಗ ಇದು ನೆನಪಿರಲಿ. ಝಳಕಿ, ಹೊರ್ತಿ ದಾಟಿದ ಮೇಲೆ ಗೋಳಗುಮ್ಮಟ ದೂರದಿಂದಲೇ ತಲೆಯೆತ್ತಿ ಕಾಣುತ್ತದೆ.

ವಿಜಯಪುರದ ಬಳಿಕ ಕೃಷ್ಣೆ. ಕೊಲ್ಹಾರ ಮತ್ತು ಕೊರ್ತಿಗಳ ನಡುವೆ ಆಲಮಟ್ಟಿಯ ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ. ಇಲ್ಲಿ ಗಾಡಿ ನಿಲ್ಲಿಸಿ ಚಿತ್ರ ತೆಗೆಯುವ ಚಾಳಿ ಒಳ್ಳೆಯದಲ್ಲ. ನಿಲ್ಲುವುದಾದರೆ ಕೊಲ್ಹಾರದಲ್ಲಿ ನಿಂತು ಮಣ್ಣಿನ ಗಡಿಗೆಯ ಮೊಸರು ಕೊಳ್ಳಬಹುದು. ಚಾಲಕನಿಗೆ ಮಾತ್ರ ಅದು ಬೇಡ. ಹೊಟ್ಟೆ ತುಂಬ ಊಟ, ಮೇಲೆ ಎಮ್ಮೆಯ ಮೊಸರು, ಮಧ್ಯಾಹ್ನದ ಎರಡು ಗಂಟೆ: ರಾತ್ರಿಯನ್ನು ಬಿಟ್ಟರೆ ಮನುಷ್ಯನ ದೇಹ ನಿದ್ರೆಗೆ ಜಾರಲು ಹವಣಿಸುವ ಹೊತ್ತು ಅದೇ. ಮುಂದೆ ಅನಗವಾಡಿಯಲ್ಲಿ ಘಟಪ್ರಭೆ, ಗದ್ದನಕೇರಿ ಕ್ರಾಸು, ಕೆರೂರು, ಕುಳಗೇರಿ, ಕೊಣ್ಣೂರಿನಲ್ಲಿ ಮಲಪ್ರಭೆ, ನರಗುಂದ, ನವಲಗುಂದ, ಹುಬ್ಬಳ್ಳಿ. ನರಗುಂದದ 1858ರ ಬಂಡಾಯ, ಎರಡೂ ಊರುಗಳ 1980ರ ರೈತ ಬಂಡಾಯ, ನವಲಗುಂದದ ಜಮಖಾನೆ, ಇವೆಲ್ಲವನ್ನು ಹಿಂದಿನ ಆಸನದವರು ಚರ್ಚಿಸಬಹುದು.

ಮುಂದಿನ ಆಸನದವರು ರಸ್ತೆಯನ್ನು ನೋಡಬೇಕು. ಏಕೆಂದರೆ ನರಗುಂದ–ನವಲಗುಂದದ ಸೀಮೆ ಅಪ್ಪಟ ಎರೆಭೂಮಿ. ಎರೆಮಣ್ಣು ಮಳೆಗೆ ನೀರು ಹೀರಿ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆ ಎಷ್ಟು ಸಲ ಡಾಂಬರು ಕಂಡರೂ ತಳ ಅಲುಗಾಡುವುದರಿಂದ ಅಲೆಅಲೆಯಾಗುತ್ತದೆ. ಗುಂಡಿಯಾದರೆ ದೂರದಿಂದ ಕಂಡೀತು. ಈ ಅಲೆ ಕಾಣುವುದಿಲ್ಲ. ಗಾಡಿ ಒಂದು ಸಲ ಮೇಲೆದ್ದು ಕುಳಿತಾಗಲೇ ಗೊತ್ತಾಗುವುದು. ಮಳೆಯ ಮರುದಿನ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಆ ಮಣ್ಣನ್ನೇ ರಸ್ತೆಗೆ ಹಚ್ಚಿ ಹೋಗಿರುತ್ತವೆ. ಅದರ ಮೇಲೆ ಬ್ರೇಕು ಹಿಡಿದರೆ ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಸುಗ್ಗಿಯಲ್ಲಿ ಇನ್ನೊಂದು ಕಾಟ: ಕಣ ಮಾಡುವ ಕಷ್ಟ ತಪ್ಪಿಸಲು ರೈತರು ಕಾಳಿನ ತೆನೆಗಳನ್ನು ರಸ್ತೆಯ ಮೇಲೆಯೇ ಹರವಿ ವಾಹನಗಳಿಂದ ತುಳಿಸುತ್ತಾರೆ. ಹೊಟ್ಟು ಮತ್ತು ಬಳ್ಳಿ ಗಾಡಿಯ ಅಡಿಯ ಅಚ್ಚಿಗೆ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುವುದುಂಟು. ನಿಧಾನಿಸಿ, ಸಾಧ್ಯವಾದರೆ ಬದಿಗೆ ಸರಿದು ಹೋಗಬೇಕು.

ಎರಡು ಪಥದ ರಸ್ತೆಯಲ್ಲಿ ಮುಂದಿನ ವಾಹನವನ್ನು ದಾಟುವ ವಿಷಯದಲ್ಲಿಯೂ ಒಂದು ಲೆಕ್ಕ ಹೇಳಿಬಿಡುತ್ತೇನೆ. 50ರಲ್ಲಿ ಹೋಗುವ ಲಾರಿಯನ್ನು ಕಾರೊಂದು 70ರಲ್ಲಿ ದಾಟಬೇಕಾದರೆ ಸುಮಾರು ಒಂಬತ್ತು ಸೆಕೆಂಡು ಎದುರು ಪಥದಲ್ಲಿರಬೇಕಾಗುತ್ತದೆ. ಆ ಹೊತ್ತಿಗೆ ಅದು 175 ಮೀಟರು ಸಾಗುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವವನೂ ಅಷ್ಟೇ ಸಾಗುತ್ತಾನೆ. ಎಂದರೆ 350 ಮೀಟರು ಖಾಲಿ ರಸ್ತೆ ಕಣ್ಣಿಗೆ ಕಾಣದೆ ದಾಟಬಾರದು. 60ರ ಮಿತಿಯ ನಮ್ಮ ಗಾಡಿಗೆ ಇದರ ಎರಡು ಪಟ್ಟು ಹೊತ್ತು ಬೇಕು. ಅದು ಲಾರಿಯ ಹಿಂದೆಯೇ ಹೋಗುವುದು ಮೇಲು. ಇಷ್ಟೆಲ್ಲ ಸಾಹಸದಿಂದ ಉಳಿಯುವುದೇನು? 200 ಕಿ.ಮೀ.ಯನ್ನು ಸರಾಸರಿ 45ರ ಬದಲು 50ರಲ್ಲಿ ಮುಗಿಸಿದರೆ ಉಳಿಯುವುದು 27 ನಿಮಿಷ; ಒಂದು ನಾಷ್ಟಾದ ಹೊತ್ತು.

ಮಳೆಗಾಲದಲ್ಲಿ ಹೋಗುವವರು ನದಿಗಳನ್ನು ವಿಚಾರಿಸಿಕೊಂಡು ಹೊರಡಬೇಕು. ನಮ್ಮಲ್ಲಿ ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆ ಉಜನಿ ಜಲಾಶಯದ ಮೂಲಕ ಭೀಮೆಗೆ ಬರುತ್ತದೆ, ನವಿಲುತೀರ್ಥದ ಜಲಾಶಯದ ಮೂಲಕ ಮಲಪ್ರಭೆಗೆ ಬರುತ್ತದೆ. ಬಿಸಿಲು ಕಾಯುತ್ತಿರುವಾಗಲೇ ಸೇತುವೆ ಮುಳುಗುವುದು ಹೀಗೆ. 2019ರ ಆಗಸ್ಟಿನಲ್ಲಿ ಕೊಣ್ಣೂರಿನ ಬಳಿ ಮಲಪ್ರಭೆ ಉಕ್ಕಿ ಇದೇ ಹೆದ್ದಾರಿ ಮುಚ್ಚಿತ್ತು. ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂಬುದು ಹಿಂದಿನ ದಿನದ ಪತ್ರಿಕೆಯಲ್ಲಿಯೇ ಇರುತ್ತದೆ.

ಪಂಚಾಂಗವನ್ನೂ ನೋಡಬೇಕು. ಮೂಢನಂಬಿಕೆಯಿಂದಲ್ಲ. ಸೀಗೆ ಹುಣ್ಣಿಮೆಗೆ ತುಳಜಾಪುರಕ್ಕೆ, ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ, ಯುಗಾದಿಗೆ ಶ್ರೀಶೈಲಕ್ಕೆ ಈ ಸೀಮೆಯ ಜನ ನಡೆದು ಹೋಗುತ್ತಾರೆ. ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನಿಗೆ, ಬನಶಂಕರಿಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ನಸುಕಿನಲ್ಲಿ, ರಸ್ತೆಯ ಅಂಚಿನಲ್ಲಿ, ಕಪ್ಪು ಕಂಬಳಿ ಹೊದ್ದು ನಡೆಯುವವರು ದೀಪದ ಬೆಳಕಿಗೆ ಬೇಗ ಸಿಗುವುದಿಲ್ಲ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯ ದಿನಗಳಲ್ಲಿ ಸೊಲ್ಲಾಪುರ ಪಟ್ಟಣದಿಂದ ಹೊರಬೀಳುವುದೇ ಒಂದು ಗಂಟೆಯ ಕೆಲಸ.

ಕಾಗದಪತ್ರಗಳ ವಿಷಯ ಹೆಚ್ಚಿಲ್ಲ. ಬಾಡಿಗೆ ಗಾಡಿ ಹಳದಿ ಫಲಕದ್ದೇ ಆಗಿರಬೇಕು, ಕರ್ನಾಟಕಕ್ಕೆ ಹೋಗಲು ಅದರ ಪರವಾನಗಿ ಮತ್ತು ತೆರಿಗೆ ಸರಿಯಿರಬೇಕು. ಪರಿಚಯದವರ ಬಿಳಿ ಫಲಕದ ಗಾಡಿಯನ್ನು ಬಾಡಿಗೆಗೆ ಒಯ್ದರೆ ಅಪಘಾತವಾದಾಗ ವಿಮೆಯವರು ಕೈ ತೊಳೆದುಕೊಳ್ಳಬಹುದು. ಟಾಯರಿನ ಗಾಳಿಯನ್ನು ಬೆಳಿಗ್ಗೆ ಟಾಯರು ತಣ್ಣಗಿರುವಾಗ ನೋಡಬೇಕು. ಬಿಸಿಲಿಗೆ ಒಡೆದೀತೆಂದು ಗಾಳಿ ಕಡಿಮೆ ಮಾಡುವ ಪದ್ಧತಿ ತಪ್ಪು. ಗಾಳಿ ಕಡಿಮೆಯಾದ ಟಾಯರು ಹೆಚ್ಚು ಮಡಚಿ ಬಿಚ್ಚಿ ಹೆಚ್ಚು ಕಾಯುತ್ತದೆ. ತುರ್ತಿಗೆ 112, ಆಂಬುಲೆನ್ಸಿಗೆ 108, ಹೆದ್ದಾರಿಯ ನೆರವಿಗೆ 1033. ಫಾಸ್ಟ್ಯಾಗಿನಲ್ಲಿ ಹಣವಿರಲಿ. ಟೋಲಿನ ನಿಯಮದಲ್ಲಿ ಒಂದು ಆಮಿಷವಿದೆ: 24 ಗಂಟೆಯೊಳಗೆ ಮರಳಿದರೆ ಎರಡೂ ಪಯಣಕ್ಕೆ ಸೇರಿ ಒಂದೂವರೆ ಪಟ್ಟು ಕೊಟ್ಟರೆ ಸಾಕು. ವಿದ್ಯಾರ್ಥಿಗಳು ಈ ಉಳಿತಾಯವನ್ನೂ ತಮ್ಮ ಕಾಗದದಲ್ಲಿ ಕಾಣಿಸಿದ್ದರು. ಅದನ್ನು ವಿಭಾಗದ ನಿಧಿಯಿಂದ ನಾನು ಭರಿಸುತ್ತೇನೆ.

ಉಳಿದದ್ದು ಹೆಣ್ಣುಮಕ್ಕಳ ರಾತ್ರಿಯ ಪ್ರಶ್ನೆ. ಅದನ್ನು ಗಾಡಿಯ ವೇಗದಿಂದ ಬಿಡಿಸಲಾಗದು. ಪಾಲಕರ ಮನೆಗೆ ಹೋಗಿ ಬಿಡಿಸಬೇಕು. ಈ ತಿಂಗಳು ವಿಭಾಗದ ಇಬ್ಬರು ಅಧ್ಯಾಪಕಿಯರೊಂದಿಗೆ ನಾನು ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಗೆ ಹೋಗಿ ಬರುತ್ತೇನೆ. ಎಲ್ಲಿ ತಂಗುತ್ತೇವೆ, ಜೊತೆಗೆ ಯಾರಿರುತ್ತಾರೆ, ಯಾವ ನಂಬರಿಗೆ ಫೋನು ಮಾಡಬೇಕು ಎಂಬುದನ್ನು ಬರೆದುಕೊಡುತ್ತೇವೆ. ನಮ್ಮೊಡನೆ ಆ ಹಳೆಯ ವಿದ್ಯಾರ್ಥಿನಿಯೂ ಬರಲು ಒಪ್ಪಿದ್ದಾಳೆ. ನನ್ನ ಮಾತಿಗಿಂತ ಅವಳ ಮಾತನ್ನು ತಾಯಂದಿರು ಹೆಚ್ಚು ಕೇಳಿಯಾರು. ಆದರೂ ಯಾರ ಮನೆಯಲ್ಲಾದರೂ ಒಪ್ಪದಿದ್ದರೆ ಅವರಿಗಾಗಿ ವಿಜಯಪುರದ ಪ್ರವಾಸ ಬೇರೆಯಾಗಿ ಇದೆ. ಬೆಳಿಗ್ಗೆ ಏಳಕ್ಕೆ ಹೊರಟು, ನಾಲ್ಕು ಪಥದ ರಸ್ತೆಯಲ್ಲಿ ಹೋಗಿ, ನಾಲ್ಕಕ್ಕೆ ಅಲ್ಲಿಂದ ಬಿಟ್ಟರೆ ಆರಕ್ಕೆ ಸೊಲ್ಲಾಪುರ. ಹೋಗಿ ಬರುವ ಎರಡು ಪಯಣಗಳೂ ಒಂದು ಹಗಲಿನಲ್ಲಿ ಹಿಡಿಸುವ ದೂರ ಅದು.

ಧಾರವಾಡಕ್ಕೆ ಬರುವವರು ಹೆಸರು ಕೊಡುವಾಗ ಪಾಲಕರ ಸಹಿಯನ್ನು ತರಬೇಕು. ಪೇಢೆ ಕೊಳ್ಳುವವರು ಹಿಂದಿನ ಸಂಜೆಯೇ ಕೊಂಡಿಟ್ಟುಕೊಳ್ಳತಕ್ಕದ್ದು. ಮರಳುವ ದಿನ ಬೆಳಿಗ್ಗೆ ಏಳಕ್ಕೆ ಗಾಡಿ ಹೊರಡುತ್ತದೆ. ಅಂಗಡಿ ತೆರೆಯುವವರೆಗೆ ಕಾಯುವುದಿಲ್ಲ.